ಮಕ್ಕಳಿಗೆ ‘ಫ್ರೀ ಆಕ್ಸಿಡೆಂಟ್ ಇನ್ಶೂರೆನ್ಸ್’ ಇದೆ ಅಂತ ನಂಬಿಕೊಂಡು ಕೂತವರಿಗೆ

2024ರ ಜೂನ್‌ನಲ್ಲಿ ನನ್ನ ಮಗ ಸೈಕಲ್ ಸಮೇತ ಇಳಿಜಾರಿನಲ್ಲಿ ಬಂದು, ನಿಂತಿದ್ದ ಪಿಕಪ್ ಟ್ರಕ್ಕಿಗೆ ಗುದ್ದಿದ. ಆಗ ಅವನಿಗೆ ಒಂಬತ್ತು ವರ್ಷ. ಎಡ ತೊಡೆಯ ಮೂಳೆ ಮುರಿಯಿತು. ಮೊದಲೇ ಹೇಳಿಬಿಡುತ್ತೇನೆ, ಈಗ ಚೆನ್ನಾಗಿದ್ದಾನೆ, ಅದೇ ಇಳಿಜಾರಿನಲ್ಲಿ ಅದೇ ಸ್ಪೀಡಿನಲ್ಲಿ ಬರುತ್ತಾನೆ, ಬೈದರೂ ಕೇಳಲ್ಲ. ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಆಪರೇಷನ್ ಥಿಯೇಟರ್ ಹೊರಗೆ ಅಳುತ್ತಾ ಕೂತಿದ್ದ ಹೆಂಡತಿಗೆ ನಾನು ಬಹಳ ಧೈರ್ಯವಾಗಿ, "ದುಡ್ಡಿನ ಚಿಂತೆ ಬಿಡು, ಅವನಿಗೆ ಆಕ್ಸಿಡೆಂಟ್ ಇನ್ಶೂರೆನ್ಸ್ ಇದೆ" ಅಂದಿದ್ದೆ. ಇರಲಿಲ್ಲ. ಆರು ವರ್ಷ ದುಡ್ಡು ಕಟ್ಟಿದ್ದೆ, ಆದರೂ ಇರಲಿಲ್ಲ.

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ಈ ಕಡೆ ‘ಫ್ರಾಟರ್ನಲ್ ಬೆನಿಫಿಟ್ ಸೊಸೈಟಿ’ ಅನ್ನುವ ಸಂಘಗಳು ಬೇಕಾದಷ್ಟಿವೆ. ನಮ್ಮ ಕಡೆಯ ಜಾತಿ ಸಂಘ, ಸಹಕಾರ ಸಂಘ, ಎಲ್‌ಐಸಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದರೆ ಹೇಗಿರುತ್ತೋ ಹಾಗೆ. ಶಾಖೆಗೆ ಲಾಡ್ಜ್ ಅನ್ನುತ್ತಾರೆ (ಮೆಜೆಸ್ಟಿಕ್ ಕಡೆಯ ಲಾಡ್ಜ್ ನೆನಪಿಗೆ ಬಂದರೆ ತಪ್ಪು ನಿಮ್ಮದಲ್ಲ, ನನಗೂ ಬಂದಿತ್ತು). ಸದಸ್ಯರೇ ಮಾಲೀಕರು, ಷೇರುದಾರರು ಅಂತ ಯಾರೂ ಇರಲ್ಲ, ಸಂಘಕ್ಕೆ ಆದಾಯ ತೆರಿಗೆಯಿಂದಲೂ ವಿನಾಯಿತಿ ಇದೆ. ಇತಿಹಾಸ ಮಾತ್ರ ನಿಜಕ್ಕೂ ಮನಸ್ಸಿಗೆ ಹತ್ತಿರ ಆಗುವಂಥದ್ದು. ನಮ್ಮಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿಯಲ್ಲಿ ಮೀಡ್‌ವಿಲ್ ಅಂತ ಊರಿದೆ. ಅಲ್ಲಿ 1868ರಲ್ಲಿ ಜಾನ್ ಅಪ್‌ಚರ್ಚ್ ಅನ್ನುವ ರೈಲ್ವೆ ಕೆಲಸಗಾರ ‘ಏನ್ಷಿಯಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್’ ಅಂತ ಒಂದು ಸಂಘ ಕಟ್ಟಿದ. ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಿ ಆ ಮನೆಯವರಿಗೆ ಕೊಡುವುದು. ನಮ್ಮೂರಿನಲ್ಲಿ ಸಾವಾದ ಮನೆಗೆ ಕೇರಿಯವರೆಲ್ಲ ಸೇರಿ ದುಡ್ಡೆತ್ತಿ ಕೊಡುತ್ತಿದ್ದರಲ್ಲ, ಅದನ್ನೇ ಲೆಕ್ಕ ಬರೆದು ಮಾಡಿದ ಹಾಗೆ. ಆಮೇಲೆ ಗಣಿಗೆ, ಉಕ್ಕಿನ ಕಾರ್ಖಾನೆಗೆ ಬಂದ ಸ್ಲೊವಾಕ್, ಪೋಲಿಷ್, ಕ್ರೊಯೇಷಿಯನ್ ಜನರೂ ತಮ್ಮ ತಮ್ಮ ಸಂಘ ಕಟ್ಟಿಕೊಂಡರು.

ನಮ್ಮನ್ನು ಸೇರಿಸಿದವನು ಅಂಥ ಒಂದು ಸಂಘದ ಏಜೆಂಟ್. ಹೆಸರು ಹೇಳುವುದಿಲ್ಲ, ಸಂಘದ ಹೆಸರೂ ಬೇಡ. ನಮ್ಮ ಬೀದಿಯವನೇ, ಒಳ್ಳೆಯವನು, ಹಿಮ ಬಿದ್ದಾಗ ನಮ್ಮ ಮನೆ ಮುಂದಿನದ್ದನ್ನೂ ಅವನೇ ಎತ್ತಿ ಹಾಕುತ್ತಾನೆ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಅವರ ಲಾಡ್ಜ್‌ನಲ್ಲಿ ಫಿಶ್ ಫ್ರೈ ಇರುತ್ತದೆ. ನಾವು ಮೀನು ತಿನ್ನುವವರಲ್ಲ. ಆದರೆ ನಮ್ಮ ಕಡುಬಿನ ಥರದ ಪಿರೋಗಿ ಸಿಗುತ್ತೆ, ನೂಡಲ್ಸ್‌ಗೆ ಎಲೆಕೋಸು ಹಾಕಿದ ಹಲುಷ್ಕಿ ಸಿಗುತ್ತೆ, ಬೇಕನ್ ಹಾಕಿಲ್ಲ ತಾನೆ ಅಂತ ಕೇಳಿಕೊಂಡು ಮೇಲೆ ಒಂದಿಷ್ಟು ಚಟ್ನಿಪುಡಿ ಉದುರಿಸಿದರೆ ಮಜವಾಗಿರುತ್ತೆ. ಅಲ್ಲೇ ಒಂದು ಸಂಜೆ ಮಾತು ಬಂತು. 2018. ಮಗನಿಗೆ ಆಗ ಮೂರು.

ಅವನು ಹೇಳಿದ್ದು ಹೀಗಿತ್ತು: ನನ್ನ ಹೆಸರಲ್ಲಿ 10,000 ಡಾಲರಿನ ಒಂದು ಜೀವ ವಿಮೆ, ಅದರಿಂದ ನಾನು ಸದಸ್ಯನಾಗುತ್ತೇನೆ. ಮಗನ ಹೆಸರಲ್ಲಿ ಇನ್ನೊಂದು ಸಣ್ಣದು, ಅದಕ್ಕೆ ಆಕ್ಸಿಡೆಂಟ್ ರೈಡರ್, ಅಂದರೆ ಮೇಲೆ ಇನ್ನಷ್ಟು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ವಿಮೆ. ಎರಡೂ ಸೇರಿ ತಿಂಗಳಿಗೆ 23 ಡಾಲರ್. ಮೇಲಿಂದ, ಸದಸ್ಯರ ಮನೆಯ ಮಕ್ಕಳಿಗೆಲ್ಲ ಆಕ್ಸಿಡೆಂಟ್ ಕವರೇಜ್ ಫ್ರೀ. ಫ್ರೀ ಅಂದ ಮೇಲೆ ಯಾರು ಬೇಡ ಅಂತಾರೆ?

ಒಂದು ವಾರದಲ್ಲಿ ದಪ್ಪ ಲಕೋಟೆ ಬಂತು. ಊಟ ಆದ ಮೇಲೆ ಟೇಬಲ್ ಮೇಲೆ ಹರಡಿಕೊಂಡು ಜೋರಾಗಿ ಓದಲು ಶುರು ಮಾಡಿದೆ. ಎರಡನೇ ಪುಟದಲ್ಲೇ ‘ಮಗುವಿನ ಆಕಸ್ಮಿಕ ಮರಣದ ಸಂದರ್ಭದಲ್ಲಿ’ ಅನ್ನುವ ಸಾಲು ಬಂತು. ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಅಲ್ಲಿಂದಲೇ, "ಬಿಡ್ತು ಅನ್ನಿ! ಮಲಗಿರುವ ಮಗು ಮುಂದೆ ಏನದು ಓದೋದು" ಅಂದಳು. ನಾನು ಬಿಡ್ತು ಅಂದೆ. ಕಾಗದವನ್ನೂ ಬಿಟ್ಟೆ. ಲಕೋಟೆ ಸೀದಾ ಪಾಸ್‌ಪೋರ್ಟ್ ಇಡುವ ಡ್ರಾಯರಿಗೆ ಹೋಯಿತು, ಆರು ವರ್ಷ ಅಲ್ಲೇ ಇತ್ತು. ಅವಳದ್ದೇ ತಪ್ಪು ಅಂತಲ್ಲ. ನಿಜ ಹೇಳಬೇಕು ಅಂದರೆ ನನಗೂ ಆ ಸಾಲು ಮುಂದಕ್ಕೆ ಓದಲು ಮನಸ್ಸಿರಲಿಲ್ಲ, ಅವಳು ಹೇಳಿದ್ದು ನೆಪ ಆಯಿತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದರ ಹೆಸರು ‘ಆಕ್ಸಿಡೆಂಟ್ ಇನ್ಶೂರೆನ್ಸ್’ ಅಂತಲೇ. ಮಧ್ಯದಲ್ಲಿದ್ದ ‘ಡೆತ್’ ಅನ್ನುವ ಪದವನ್ನು ನಾವೇ ಕಿತ್ತು ಬಿಸಾಕಿದ್ದೆವು. ಏಜೆಂಟ್ ಕೂಡ ಮಾತಿನಲ್ಲಿ ಒಂದು ಸಲವೂ ಆ ಪದ ಹೇಳಿರಲಿಲ್ಲ. ಯಾವ ಏಜೆಂಟ್ ತಾನೆ ಮೂರು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಅಪ್ಪನಿಗೆ ಹೇಳುತ್ತಾನೆ?

ಈಗ ಆಸ್ಪತ್ರೆಗೆ ಬರೋಣ. ತೊಡೆ ಮೂಳೆಯೊಳಗೆ ಬಾಗುವಂಥ ಎರಡು ಟೈಟಾನಿಯಂ ಕಡ್ಡಿ ಹಾಕಿದರು. ನಾಲ್ಕು ದಿನ ಆಸ್ಪತ್ರೆ. ನನ್ನ ಕಂಪನಿಯ ಆರೋಗ್ಯ ವಿಮೆ ಹೈ ಡಿಡಕ್ಟಿಬಲ್‌ದು, ಅಂದರೆ ಮೊದಲ ಕೆಲವು ಸಾವಿರ ಡಾಲರ್ ನಾವೇ ಕಟ್ಟಬೇಕು, ಆಮೇಲೆ ವಿಮೆಯವರು ಬರುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಒಂದು ಮಿತಿ ಇದೆ, 2024ರಲ್ಲಿ ಅದು ಒಬ್ಬರಿಗೆ ವರ್ಷಕ್ಕೆ 9,450 ಡಾಲರ್, ವಿಮೆಯವರ ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ಅದಕ್ಕಿಂತ ಜಾಸ್ತಿ ನಮ್ಮ ಕೈಯಿಂದ ಹೋಗುವ ಹಾಗಿಲ್ಲ. ನಮ್ಮ ಪಾಲಿಗೆ ಬಂದದ್ದು 6,400. ಮೂರನೇ ದಿನ ಆಸ್ಪತ್ರೆಯ ಕಾರಿಡಾರ್‌ನಿಂದಲೇ ಸಂಘಕ್ಕೆ ಫೋನ್ ಮಾಡಿದೆ. ಮಗನ ಆಕ್ಸಿಡೆಂಟ್ ಕ್ಲೇಮ್ ಹಾಕಬೇಕು ಅಂದೆ. ಆ ಕಡೆಯ ಹೆಂಗಸು ತುಂಬಾ ಮೆಲ್ಲಗೆ, ತುಂಬಾ ಮರುಕದಿಂದ ಮಾತಾಡಿದರು. ಇಷ್ಟೊಂದು ಮರುಕ ಯಾಕೆ ಅಂತ ಅಂದುಕೊಳ್ಳುವಷ್ಟರಲ್ಲಿ ಅವರು ಕೇಳಿದರು, "ಮಗು ತೀರಿಕೊಂಡದ್ದು ಯಾವ ತಾರೀಕು ಸರ್?"

ನನಗೆ ಬಾಯಿ ಬರಲಿಲ್ಲ. ಇಲ್ಲ ಇಲ್ಲ, ಇದ್ದಾನೆ, ಕಾಲು ಮುರಿದಿದೆ ಅಷ್ಟೇ ಅಂದೆ. ಅವರು ನನಗಿಂತ ಜಾಸ್ತಿ ಗಾಬರಿಯಾಗಿ ನಾಲ್ಕು ಸಲ ಸಾರಿ ಕೇಳಿ, ಇದು ಮರಣಕ್ಕೆ ಮಾತ್ರ, ಗಾಯಕ್ಕೆ, ಆಸ್ಪತ್ರೆಗೆ ಏನೂ ಬರುವುದಿಲ್ಲ ಅಂತ ತಿಳಿಸಿ ಹೇಳಿದರು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಫೋನ್ ಮಾಡಿದ ಕೂಡಲೇ ಅವರ ಕಂಪ್ಯೂಟರಿನಲ್ಲಿ ಕ್ಲೇಮ್ ತೆರೆದುಕೊಂಡಿತ್ತು ಅಂತ ಕಾಣುತ್ತೆ, ಹತ್ತು ದಿನದ ಮೇಲೆ ಮನೆಗೆ ಒಂದು ಫಾರಂ ಬಂತು. ಮೊದಲ ಸಾಲು ‘ಮೃತ ಮಗುವಿನ ಪೂರ್ಣ ಹೆಸರು’. ಪಕ್ಕದಲ್ಲಿ ಅವರೇ ನನ್ನ ಮಗನ ಹೆಸರು ಟೈಪ್ ಮಾಡಿ ಕಳಿಸಿದ್ದರು. ಲಕೋಟೆ ಒಡೆದವಳು ಹೆಂಡತಿ. ಏನೂ ಮಾತಾಡಲಿಲ್ಲ. ಅದನ್ನು ಚೂರು ಚೂರು ಮಾಡಿ, ಮನೆಯೊಳಗಿನ ಕಸದ ಡಬ್ಬಕ್ಕೂ ಹಾಕದೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ರಸ್ತೆ ಪಕ್ಕದ ಡಬ್ಬಕ್ಕೆ ಹಾಕಿ ಬಂದಳು. ಆ ಸಂಜೆ ಮಗನಿಗೆ ಉಪ್ಪು ಮೆಣಸಿನಕಾಯಿಯಲ್ಲಿ ದೃಷ್ಟಿ ತೆಗೆದಳು. ಸ್ಮೋಕ್ ಅಲಾರಂ ಹೊಡೆದುಕೊಂಡಿತು, ಅದು ಬೇರೆ ಕಥೆ.

ಅವತ್ತು ರಾತ್ರಿ ಡ್ರಾಯರ್ ತೆಗೆದು ಹದಿನಾಲ್ಕು ಪುಟವನ್ನೂ ಓದಿದೆ. ಇದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲವೂ ಬರೆದಿತ್ತು.

ಫ್ರೀ ಅಂದಿದ್ದು 5,000 ಡಾಲರ್. ಅದೂ ಒಪ್ಪಂದದ ಭಾಗ ಅಲ್ಲ, ಸದಸ್ಯರಿಗೆ ಸಂಘ ಕೊಡುವ ಸೌಲಭ್ಯ, ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಮಕ್ಕಳ ಹೆಸರನ್ನು ನಾವೇ ಬರೆದು ಕಳಿಸಿ ನೋಂದಾಯಿಸಬೇಕಿತ್ತು. 2019ರಲ್ಲಿ ಹುಟ್ಟಿದ ಮಗಳ ಹೆಸರು ನಾವು ಕಳಿಸಿರಲೇ ಇಲ್ಲ, ತಾನಾಗಿಯೇ ಸೇರಿಕೊಳ್ಳುತ್ತೆ ಅಂದುಕೊಂಡಿದ್ದೆವು. ಅಂದರೆ ಅವಳಿಗೆ ಯಾವತ್ತೂ ಏನೂ ಇರಲಿಲ್ಲ.

ಇನ್ನು ದುಡ್ಡು ಕೊಟ್ಟು ಮಾಡಿಸಿದ್ದ ರೈಡರ್. ಅಪಘಾತ ಆದ 90 ದಿನದೊಳಗೆ ಜೀವ ಹೋಗಿರಬೇಕು. ಓದಿ ಸುಮ್ನೆ ಕೂತುಬಿಟ್ಟೆ. ಐಸಿಯುನಲ್ಲಿ ಮಗುವನ್ನು ನಾಲ್ಕು ತಿಂಗಳು ಉಳಿಸಿಕೊಂಡ ಅಪ್ಪ ಅಮ್ಮನಿಗೆ ಏನೂ ಇಲ್ಲ. 90, 180, 365, ಒಂದೊಂದು ಕಡೆ ಒಂದೊಂದು ಗಡುವು ಇರುತ್ತದೆ, ಹುಡುಕಿ ನೋಡಿ. ಆಮೇಲೆ, ಸಾವಿಗೆ ಅಪಘಾತವೇ ಕಾರಣ ಆಗಿರಬೇಕು, ಕಾಯಿಲೆಯ ಪಾಲು ಇರಬಾರದು. ಫಿಟ್ಸ್ ಬರುವ ಮಗು ಟಬ್ಬಿನಲ್ಲಿ ಮುಳುಗಿದರೆ? ಜಗಳ ಅಲ್ಲೇ ಶುರು. ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣವೇ ನೀರಿನಲ್ಲಿ ಮುಳುಗುವುದು ಅಂತ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತದೆ, ಹಾಗಾಗಿ ಇದು ಯಾವಾಗಲೋ ಒಮ್ಮೆ ಆಗುವ ಮಾತಲ್ಲ.

ಮರಣ ಪತ್ರದಲ್ಲಿ ಒಂದು ಸಣ್ಣ ಚೌಕ ಇರುತ್ತೆ, ಸಾವಿನ ಬಗೆ ಯಾವುದು ಅಂತ. ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ಇಲ್ಲವೇ ನಿರ್ಧರಿಸಲಾಗಲಿಲ್ಲ. ತನಿಖೆ ಬಾಕಿ ಅಂತಲೂ ಬರೆಯುತ್ತಾರೆ. ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, ಅಂದರೆ ಕೊರೊನರ್ ಅಥವಾ ಮೆಡಿಕಲ್ ಎಕ್ಸಾಮಿನರ್, ಅಲ್ಲಿ ಏನು ಬರೆಯುತ್ತಾರೋ ಅದರ ಮೇಲೆ ಕ್ಲೇಮ್ ನಿಲ್ಲುತ್ತೆ, ಬೀಳುತ್ತೆ. ನಿದ್ದೆಯಲ್ಲೇ ಹೋಗುವ ಕೂಸುಗಳ ವಿಷಯದಲ್ಲಿ ಎಷ್ಟೋ ಸಲ ಕಾರಣ ಗೊತ್ತಾಗಲ್ಲ. ಅಪಘಾತ ಅಂತ ತೋರಿಸಿಕೊಡುವ ಹೊಣೆ ಕ್ಲೇಮ್ ಹಾಕಿದವರ ಮೇಲೆಯೇ. ಆ ಸ್ಥಿತಿಯಲ್ಲಿರುವ ತಾಯಿ ಏನು ತೋರಿಸುತ್ತಾಳೆ ಹೇಳಿ. ನಮ್ಮ ಕಾಗದದಲ್ಲಿ ಆರು ತಿಂಗಳಿಗಿಂತ ಚಿಕ್ಕ ಮಕ್ಕಳು ಲೆಕ್ಕಕ್ಕೇ ಇರಲಿಲ್ಲ, ಆ ಮಾತು ಬೇರೆ.

ಊರಿಗೆ ಹೋದಾಗ ಕಾಯಿಲೆ ಬಿದ್ದರೆ? ಡೆಂಗ್ಯೂ ಅಪಘಾತ ಅಲ್ಲ, ಕಾಯಿಲೆ. ಸೊಳ್ಳೆ ಕಡಿದದ್ದು ಆಕಸ್ಮಿಕ ಅಲ್ವಾ ಅಂತ ವಾದ ಮಾಡಬಹುದು, ಮಾಡಿದವರೂ ಇದ್ದಾರೆ. ಮೊಜಾಂಬಿಕ್‌ನಲ್ಲಿ ಮಲೇರಿಯಾದಿಂದ ಸತ್ತ ಒಬ್ಬರ ಅಪಘಾತ ವಿಮೆ ಕೇಸು ಭಾರತದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಮಲೇರಿಯಾ ಅಷ್ಟು ಸಾಮಾನ್ಯವಾಗಿರುವ ದೇಶದಲ್ಲಿ ಅದು ಅನಿರೀಕ್ಷಿತ ಅಲ್ಲ, ಅಪಘಾತವೂ ಅಲ್ಲ ಅಂತ 2019ರಲ್ಲಿ ಕೋರ್ಟು ಹೇಳಿತು. ದಾವಣಗೆರೆಯಲ್ಲಿರುವ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದಾಗ, "ಇಲ್ಲಿ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿದುಕೊಳ್ತಾರೆ, ಎರಡು ಲಕ್ಷ, ನಮ್ಮನೆಯವರೆಲ್ಲ ಅದರಲ್ಲಿದ್ದೀವಿ" ಅಂದ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅದು 18ರಿಂದ 70 ವರ್ಷದವರಿಗೆ ಮಾತ್ರ ಕಣೋ, ನಿನ್ನ ಮಕ್ಕಳು ಅದರಲ್ಲಿಲ್ಲ, ಅದೂ ಸಾವಿಗೆ ಇಲ್ಲವೇ ಅಂಗ ಹೋದರೆ, ಆಸ್ಪತ್ರೆ ಬಿಲ್ಲಿಗಲ್ಲ ಅಂದೆ. ಹೌದಾ ಅಂದ. ನಮ್ಮ ವಂಶದಲ್ಲೇ ಓದುವ ಅಭ್ಯಾಸ ಇಲ್ಲ.

ಫ್ರಾಟರ್ನಲ್ ಸಂಘಗಳದ್ದೇ ಆದ ಇನ್ನೆರಡು ವಿಷಯ ಇವೆ, ಇವು ನನಗೆ ಗೊತ್ತೇ ಇರಲಿಲ್ಲ. ಮಾಮೂಲಿ ವಿಮಾ ಕಂಪನಿ ಮುಳುಗಿದರೆ ಪ್ರತಿ ರಾಜ್ಯದಲ್ಲೂ ಗ್ಯಾರಂಟಿ ಅಸೋಸಿಯೇಷನ್ ಅಂತ ಇರುತ್ತೆ, ಒಂದು ಮಿತಿಯವರೆಗೆ ಕೈ ಹಿಡಿಯುತ್ತೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಫ್ರಾಟರ್ನಲ್ ಸಂಘಗಳು ಅದರ ಹೊರಗಿವೆ, ಬೇರೆ ಹೆಚ್ಚಿನ ರಾಜ್ಯಗಳಲ್ಲೂ ಹಾಗೇ. ಬದಲಿಗೆ, ಸಂಘದ ನಿಧಿಗೆ ಪೆಟ್ಟು ಬಿದ್ದರೆ ಸದಸ್ಯರೇ ತಮ್ಮ ಪಾಲಿನ ನಷ್ಟ ತುಂಬಬೇಕು, ತುಂಬದಿದ್ದರೆ ಅದು ಅವರ ವಿಮೆಯ ಮೇಲೆ ಸಾಲವಾಗಿ ಕೂರುತ್ತೆ ಇಲ್ಲವೇ ಬರುವ ಮೊತ್ತ ಕಡಿಮೆಯಾಗುತ್ತೆ. ಸದಸ್ಯರೇ ಮಾಲೀಕರು ಅನ್ನುವುದರ ಇನ್ನೊಂದು ಮುಖ ಇದು. ಎರಡನೆಯದು, ಇವರು ಕೊಡುವುದು ಪಾಲಿಸಿ ಅಲ್ಲ, ಸರ್ಟಿಫಿಕೇಟ್. ಸಂಘದ ಬೈಲಾ ಕೂಡ ಆ ಒಪ್ಪಂದದ ಭಾಗ. ಸರ್ಟಿಫಿಕೇಟಿನಲ್ಲಿ ಕೊಟ್ಟ ಮಾತನ್ನು ಕಮ್ಮಿ ಮಾಡುವ ಹಾಗಿಲ್ಲ, ಆದರೆ ನಾಳೆ ತಿದ್ದುವ ಬೈಲಾಗೂ ನೀವು ಇವತ್ತೇ ತಲೆ ಕೊಟ್ಟ ಹಾಗೆ. ಜಗಳ ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಮೊದಲು ಒಳಗೆ ಅಪೀಲು, ಆಮೇಲೆ ರಾಜಿ ಮಾತುಕತೆ (ಮೀಡಿಯೇಷನ್), ಆಮೇಲೆ ಪಂಚಾಯ್ತಿ ತೀರ್ಮಾನ (ಆರ್ಬಿಟ್ರೇಷನ್) ಅಂತ ನಮ್ಮ ಸಂಘದ ಬೈಲಾದಲ್ಲಿ ಇದೆ.

ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಿ ಅಂತ ಆಫೀಸಿನ ಗೆಳೆಯ ಹೇಳಿದ. ಇವರ ಮೇಲೂ ಅದರ ಕಣ್ಣು ಇರುತ್ತೆ ನಿಜ. ಆದರೆ ಏನಂತ ಕೊಡಲಿ? ನಾನು ಓದಲಿಲ್ಲ ಅಂತಲಾ? ಏಜೆಂಟ್ ಹತ್ತಿರ ಹೋಗಿ ಕೇಳಿದೆ. ಅವನ ಮುಖ ಸಣ್ಣದಾಯಿತು. ನಿನಗೆ ಗೊತ್ತಿದೆ ಅಂದುಕೊಂಡಿದ್ದೆ ಅಂದ. ಇರಬಹುದು, ಆದರೆ ಮಗಳು ಹುಟ್ಟಿದಾಗ ಗಿಫ್ಟ್ ಹಿಡಿದು ಬಂದವನು ಹೆಸರು ನೋಂದಾಯಿಸು ಅಂತ ಒಂದು ಮಾತು ಹೇಳಬಹುದಿತ್ತು. ಅದನ್ನೂ ಅವನಿಗೆ ಹೇಳಿಯೇ ಬಂದೆ.

ನಾನು ಕಟ್ಟಿದ್ದು 1,656 ಡಾಲರ್. ಎರಡೂ ವಿಮೆಯನ್ನು ರದ್ದು ಮಾಡಿ ವಾಪಸ್ ಕೊಟ್ಟರೆ ಕೈಗೆ ಬರುವುದು 600ಕ್ಕಿಂತ ಕಡಿಮೆ. ಕೊಟ್ಟೆ. ಹೊಟ್ಟೆ ಉರಿದದ್ದು ಆ ದುಡ್ಡಿಗಲ್ಲ. ಈ ಆರು ವರ್ಷವೂ ನನ್ನ ಮೇಲೆ ಇದ್ದದ್ದು ಆ 10,000, ಜೊತೆಗೆ ಆಫೀಸಿನವರು ಕೊಡುವ ಒಂದು ವರ್ಷದ ಸಂಬಳದ ಜೀವ ವಿಮೆ, ಕೆಲಸ ಹೋದ ದಿನ ಅದೂ ಹೋಗುತ್ತೆ. ದುಡಿಯುವವನು ನಾನೊಬ್ಬನೇ. ನಾನು ಹೋದರೆ ಈ ದೇಶದಲ್ಲಿ ಅವರು ಮೂರು ಜನ ಎಷ್ಟು ತಿಂಗಳು ಮನೆ ಬಾಡಿಗೆ ಕಟ್ಟುತ್ತಿದ್ದರು? ದುಡಿಮೆಯೇ ಇಲ್ಲದ ಮಗುವಿನ ಮೇಲೆ ವಿಮೆ, ದುಡಿಯುವ ಅಪ್ಪನ ಮೇಲೆ ಲೆಕ್ಕಕ್ಕಿಲ್ಲದಷ್ಟು. ಮಕ್ಕಳಿಗೆ ಅಂದರೆ ನಾವು ಯೋಚನೆ ಮಾಡುವುದಿಲ್ಲ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಸೆಪ್ಟೆಂಬರ್‌ನಲ್ಲಿ ನನ್ನ ಹೆಸರಲ್ಲಿ ಇಪ್ಪತ್ತು ವರ್ಷದ ಟರ್ಮ್ ಇನ್ಶೂರೆನ್ಸ್ ಮಾಡಿಸಿದೆ. ಮತ್ತೆ ದಪ್ಪ ಲಕೋಟೆ ಬಂತು. ಈ ಸಲ ಓದಿದವಳು ಹೆಂಡತಿಯೇ, ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದುಕೊಂಡು, ಜೋರಾಗಿ. ‘ವಿಮೆದಾರನ ಮರಣದ ನಂತರ’ ಅಂತ ಏನಿಲ್ಲ ಅಂದರೂ ಇಪ್ಪತ್ತು ಸಲ ಬಂತು. ಪ್ರತಿ ಸಲ ಅಡಿಗೆರೆ ಎಳೆದಳು. ಒಂದು ಸಲವೂ ಬಿಡ್ತು ಅನ್ನಲಿಲ್ಲ. ಯಾಕೆ ಅಂತ ಕೇಳಿದರೆ, "ನಿಮ್ಮದು ತಾನೆ, ಸುಮ್ನೆ ಕೇಳಿಸಿಕೊಳ್ಳಿ" ಅಂದಳು.