ಎನ್‌ವಿಡಿಎ: ಕಚೇರಿಯ ಮೇಜಿನಿಂದ ಒಂದು ವಿಮರ್ಶೆ

ಮಲೆನಾಡಿನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿರುವ ನಾನು ಪೂರ್ಣ ಅಂಧ. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶದಿಂದಲೇ ನನ್ನ ದಿನದ ಕೆಲಸವೆಲ್ಲ ಸಾಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ತಂತ್ರಾಂಶ ಉಚಿತವಾದದ್ದು. ದರಪಟ್ಟಿ, ಮಂಜೂರಾತಿ ಎಂದು ಕಡತ ತಿಂಗಳುಗಟ್ಟಲೆ ಅಲೆಯುವುದನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ತಿಳಿದೀತು. ಪೆನ್‌ಡ್ರೈವಿನಲ್ಲಿಟ್ಟುಕೊಂಡು ಬೇರೆ ಶಾಖೆಯ ಕಂಪ್ಯೂಟರಿನಲ್ಲೂ ಬಳಸಬಹುದು.

ಜೊತೆಯಲ್ಲೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಅದರ ಉಚ್ಚಾರ ಯಾಂತ್ರಿಕವಾಗಿದ್ದರೂ ವೇಗ ಹೆಚ್ಚಿಸಿಕೊಂಡಾಗ ಅಕ್ಷರಗಳು ಕಲಸಿಹೋಗುವುದಿಲ್ಲ. ಕಿವಿ ಒಗ್ಗಿದ ಮೇಲೆ ಉದ್ದನೆಯ ಟಿಪ್ಪಣಿಯನ್ನೂ ಬೇಗ ಮುಗಿಸುತ್ತೇನೆ. ಜೋರು ಮಳೆಗಾಲದಲ್ಲಿ ಮಾತ್ರ, ತಗಡಿನ ಮಾಡಿನ ಮೇಲೆ ನೀರು ಸುರಿಯುವ ಸದ್ದಿಗೆ ಸ್ಪೀಕರಿನ ಮಾತು ಕೇಳಿಸದು. ಎರಡೂ ಕಿವಿಗೆ ಹೆಡ್‌ಫೋನ್ ಹಾಕಿದರೆ ಪಕ್ಕದಲ್ಲಿ ನಿಂತು ಕರೆದವರು ತಿಳಿಯುವುದಿಲ್ಲವಾದ್ದರಿಂದ ಒಂದೇ ಕಿವಿಗೆ ಇಯರ್‌ಫೋನ್ ಹಾಕುತ್ತೇನೆ. ಸಹೋದ್ಯೋಗಿಗಳೂ ಬಂದೊಡನೆ ಹೆಸರು ಹೇಳಿಯೇ ಮಾತು ತೆಗೆಯುತ್ತಾರೆ. ನಾನು ಕೇಳದೆಯೇ ರೂಢಿಸಿಕೊಂಡ ಈ ನಡವಳಿಕೆಗೆ ನಾನು ಋಣಿ.

ನಿಜವಾದ ತೊಡಕು ತಂತ್ರಾಂಶದ ಹೊರಗಿದೆ. ಕನ್ನಡ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ತಮ್ಮದೇ ಸಂಕೇತಗಳನ್ನು ಕೊಟ್ಟಿರುವ ಯೂನಿಕೋಡಿನಲ್ಲಿ ಬೆರಳಚ್ಚಾದ ಸುತ್ತೋಲೆಯನ್ನು ಎನ್‌ವಿಡಿಎ ಸಲೀಸಾಗಿ ಓದುತ್ತದೆ. ಹಳೆಯ ಆಸ್ಕಿ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾದ್ದರಿಂದ ಅಂಥ ಕಡತ ತೆರೆದರೆ ಅರ್ಥವಿಲ್ಲದ ಉಲಿ ಕೇಳಿಬರುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಆದೇಶವಂತೂ ಬರೀ ಚಿತ್ರ; ಅದರಲ್ಲಿ ತಂತ್ರಾಂಶಕ್ಕೆ ಓದಲು ಅಕ್ಷರಗಳೇ ಇರುವುದಿಲ್ಲ. ರಜೆ ನಿಯಮದ ತಿದ್ದುಪಡಿಯೊಂದು ಹಾಗೆ ಬಂದು, ಅದರಲ್ಲಿದ್ದ ಕೊನೆಯ ದಿನಾಂಕ ನನಗೆ ತಿಳಿಯುವಷ್ಟರಲ್ಲಿ ಅವಧಿ ಮುಗಿದಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯನ್ನಷ್ಟೇ ಕೊಟ್ಟು ಸುಮ್ಮನಾಗಿಲ್ಲ. ನೌಕರನಿಗೆ ಬೇಕಾದ ಸೂಕ್ತ ಅನುಕೂಲಗಳನ್ನು ಕಲ್ಪಿಸಬೇಕೆಂದು ಅದರ 20ನೆಯ ಕಲಂ ಹೇಳುತ್ತದೆ. ಓದಲು ಬರುವ ರೂಪದಲ್ಲಿ ಕಡತ ಕಳಿಸುವುದೂ ಅಂಥ ಅನುಕೂಲವೇ ಎಂದು ನಾನು ಭಾವಿಸುತ್ತೇನೆ. ಇದನ್ನು ವಿವರಿಸಿ ಮನವಿ ಸಲ್ಲಿಸಿದ ಮೇಲೆ ನಮ್ಮ ಶಾಖೆಯ ಅಧೀಕ್ಷಕರು, ಸಹಿಯಾದ ಪ್ರತಿಯೊಂದಿಗೆ ಯೂನಿಕೋಡ್ ಪಠ್ಯವನ್ನೂ ನನಗೆ ಕಳಿಸುವ ಏರ್ಪಾಡು ಮಾಡಿದ್ದಾರೆ. ಬೇರೆ ಶಾಖೆಗಳಿಂದ ಇನ್ನೂ ಚಿತ್ರಗಳೇ ಬರುತ್ತಿವೆ. ಹೊಸದಾಗಿ ನೇಮಕಗೊಂಡು ಈ ತಂತ್ರಾಂಶ ಬಳಸಲಿರುವವರು ಹಾಜರಾದ ದಿನವೇ, ಕಂಪ್ಯೂಟರಿನ ಜೊತೆಗೆ ಈ ಏರ್ಪಾಡನ್ನೂ ಲಿಖಿತವಾಗಿ ಕೇಳಿ ಪಡೆಯಬೇಕು.