ಗೂಗಲ್ ಪೇಟೆಂಟ್ಸ್: ಬೋರ್‌ವೆಲ್ ರಾಡಿಗೂ ತಮ್ಮನ ಮಂಡಿಗೂ ಒಂದೇ ಸೈಟು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಗೂಗಲ್ ಪೇಟೆಂಟ್ಸ್ ಅಂದರೆ ಬೇರೆ ಬೇರೆ ದೇಶಗಳ ಪೇಟೆಂಟ್‌ಗಳನ್ನು, ಅಂದರೆ ಹೊಸದನ್ನು ಕಂಡುಹಿಡಿದವರು ಅದರ ಮೇಲೆ ಪಡೆದ ಹಕ್ಕಿನ ಕಾಗದಗಳನ್ನು, ಹುಡುಕಿ ಓದುವ ಸೈಟು. ದುಡ್ಡು ಕೇಳದೆ, ಲಾಗಿನ್ ಕೇಳದೆ ಇಷ್ಟೊಂದು ಕೊಡುವ ಸೈಟನ್ನು ನಾನು ಬೇರೆ ನೋಡಿಲ್ಲ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೊನೆಗೆ ಬರುತ್ತೇನೆ.

ನಾನು ಓದಿದ್ದು ಐಟಿಐ, ಫಿಟ್ಟರ್. ಚಿತ್ರದುರ್ಗದ ಕಡೆ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಎರಡು ಲೇತ್, ಒಂದು ವೆಲ್ಡಿಂಗ್ ಸೆಟ್, ನಾನು ಮತ್ತು ಇಬ್ಬರು ಹುಡುಗರು. ಬೋರ್‌ವೆಲ್ ಲಾರಿಗಳ ರಿಪೇರಿಯೇ ಜಾಸ್ತಿ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಗಾಡಿಗಳು ನಮ್ಮ ಕಡೆ ಎಷ್ಟು ಓಡಾಡುತ್ತವೆ ಅಂತ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ.

ಬೋರ್ ಕೊರೆಯುವುದನ್ನು ಎಲ್ಲರೂ ನೋಡಿರುತ್ತೀರಿ. ಧೂಳು, ಸದ್ದು, ನೀರು ಬಂತಾ ಇಲ್ಲವಾ, ಅಷ್ಟೇ ಕಣ್ಣಿಗೆ ಬೀಳುವುದು. ನನ್ನ ಕಣ್ಣು ಮಾತ್ರ ರಾಡ್ ಬದಲಿಸುವ ಜಾಗಕ್ಕೇ ಹೋಗುತ್ತದೆ. ರಾಡ್ ಅಂದರೆ ಬೋರಿನೊಳಗೆ ಇಳಿಸುವ ಕಬ್ಬಿಣದ ಪೈಪು, ಒಂದೊಂದೂ 20 ಅಡಿ. 1000 ಅಡಿ ಕೊರೆಯಬೇಕಾದರೆ 50 ರಾಡ್ ಬೇಕು. ಇಳಿಸುವಾಗ ಒಂದೊಂದಾಗಿ ಜೋಡಿಸಬೇಕು, ಕೆಲಸ ಮುಗಿದ ಮೇಲೆ ಅಷ್ಟನ್ನೂ ಒಂದೊಂದಾಗಿ ಬಿಚ್ಚಬೇಕು. ರೋಪ್ ರಾಡನ್ನು ಎತ್ತುತ್ತದೆ, ನಿಜ. ಆದರೆ ತೂಗಾಡುವ ಕೆಳತುದಿಯನ್ನು ಹಿಡಿದು, ಗ್ರೀಸ್ ಬಳಿದು, ಕೆಳಗಿನ ರಾಡಿನ ಬಾಯಿಗೆ ನೇರವಾಗಿ ತಂದು ಕೂರಿಸುವುದು ಹೆಲ್ಪರ್ ಹುಡುಗನ ಬರಿಗೈ. ರಾತ್ರಿ ಎರಡು ಗಂಟೆ, ಮೈಯೆಲ್ಲ ಕೆಸರು, ಕಂಪ್ರೆಸರ್ ಸದ್ದಿಗೆ ಡ್ರಿಲ್ಲರ್ ಕೂಗಿದ್ದೂ ಕೇಳುವುದಿಲ್ಲ.

ಹೋದ ವರ್ಷ ಹಾಗೇ ಒಬ್ಬ ಹುಡುಗನ ಉಂಗುರದ ಬೆರಳು ಎರಡು ರಾಡಿನ ನಡುವೆ ಸಿಕ್ಕಿಕೊಂಡಿತು. ಯಾವ ಗಾಡಿ ಅಂತ ಬೇಡ. ಮೂರನೇ ದಿನ ಅವನೇ ನಮ್ಮಲ್ಲಿಗೆ ಬಂದ, ರಿಪೇರಿಗೆ ಕೊಟ್ಟಿದ್ದ ಸ್ಪ್ಯಾನರ್ ತೆಗೆದುಕೊಂಡು ಹೋಗುವುದಕ್ಕೆ. ಬಿಳಿ ಬ್ಯಾಂಡೇಜ್ ಆಗಲೇ ಗ್ರೀಸಿನಿಂದ ಕಪ್ಪಾಗಿತ್ತು. ಸ್ಪ್ಯಾನರನ್ನು ಎಡಗೈಯಲ್ಲಿ ಹೊತ್ತುಕೊಂಡು ಹೋದ. ಅವತ್ತು ರಾತ್ರಿಯೇ ನಾನು ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಚಿತ್ರ ಬರೆಯಲು ಶುರು ಮಾಡಿದೆ. ಮಾಸ್ಟಿನ, ಅಂದರೆ ಗಾಡಿಯ ಮೇಲೆ ನೆಟ್ಟಗೆ ನಿಲ್ಲುವ ಕಂಬದ, ಪಕ್ಕಕ್ಕೆ ಒಂದು ತೋಳು, ತುದಿಗೆ ದವಡೆ. ಕೈಯ ಬದಲು ಅದೇ ರಾಡನ್ನು ಹಿಡಿದು ಬಾಯಿಗೆ ತರಬೇಕು.

ಪರಿಚಯದವರೊಬ್ಬರು ಹೆದರಿಸಿದರು. "ಇಂಥದ್ದಕ್ಕೆಲ್ಲ ಫಾರಿನ್‌ನವರು ಪೇಟೆಂಟ್ ಮಾಡಿಸಿರ್ತಾರೆ ಕಣಯ್ಯ, ಕೇಸ್ ಬೀಳುತ್ತೆ" ಅಂತ. ಹಾಗಾಗಿ ಗೂಗಲ್ ಪೇಟೆಂಟ್ಸ್ ತೆರೆದೆ.

ಮೊದಲ ವಾರ ಏನೂ ಸಿಗಲಿಲ್ಲ ಅಂತಲೇ ಹೇಳಬೇಕು. ಸಿಕ್ಕಿದ್ದು ವಿಪರೀತ, ಬೇಕಾದ್ದು ಇಲ್ಲ. ಆಮೇಲೆ ಗೊತ್ತಾಯಿತು, ಪೇಟೆಂಟ್ ಬರೆಯುವವರು ಪೈಪನ್ನು ಪೈಪ್ ಅನ್ನುವುದೇ ಕಡಿಮೆ. ಟ್ಯುಬ್ಯುಲರ್ ಅನ್ನುತ್ತಾರೆ. ಕೆಲವರು ಎಲಾಂಗೇಟ್ ಮೆಂಬರ್ ಅಂತ ಬರೆದಿರುತ್ತಾರೆ, ಅಂದರೆ ಉದ್ದನೆಯ ಒಂದು ವಸ್ತು, ಅಷ್ಟೇ. ಪದ ಎಷ್ಟು ಅಗಲವೋ ಹಕ್ಕೂ ಅಷ್ಟು ಅಗಲ, ಅದಕ್ಕೇ ಹಾಗೆ. ಹಾಗಾಗಿ ಪದ ನಂಬಿ ಹುಡುಕಬೇಡಿ, ವಿಷಯ ನೋಡಿ ಪ್ರತಿ ಪೇಟೆಂಟಿಗೂ ಹಾಕಿರುವ ವರ್ಗದ ಕೋಡ್ ಹಿಡಿದು ಹುಡುಕಿ. ಕೊರೆಯುವ ಬಾವಿಯಲ್ಲಿ ರಾಡ್, ಕೇಸಿಂಗ್, ಪೈಪುಗಳನ್ನು ಎತ್ತಿ ಇಳಿಸಿ ಜೋಡಿಸುವ ಸಾಧನಗಳಿಗೆಲ್ಲ ಇ21ಬಿ 19 ಅನ್ನುವ ಗುಂಪು ಇದೆ. ಅದರೊಳಗೆ 19/14 ಅಂದರೆ ರಾಡ್ ಇಡುವ ರ್‍ಯಾಕು, 19/16 ಅಂದರೆ ಜೋಡಿಸಿ ಬಿಚ್ಚುವ ಸಾಧನ. ಇದು ಗೊತ್ತಾದ ಮೇಲೆ ನನಗೆ ಬೀಗದ ಕೈ ಸಿಕ್ಕಿದ ಹಾಗಾಯಿತು. ಒಂದು ಒಳ್ಳೆಯ ಪೇಟೆಂಟ್ ಸಿಕ್ಕರೆ ಸಾಕು, ಕೆಳಗೆ ಅದು ಹೆಸರಿಸಿದ ಹಳೆಯವು, ಅದನ್ನು ಹೆಸರಿಸಿದ ಹೊಸವು ಎಲ್ಲದರ ಪಟ್ಟಿ ಇರುತ್ತದೆ, ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗುತ್ತಾ ಇರಬಹುದು.

ನನಗೆ ತುಂಬಾ ಇಷ್ಟವಾದದ್ದು ಚಿತ್ರಗಳು. ಪ್ರತಿ ಭಾಗಕ್ಕೂ ಒಂದು ನಂಬರ್ ಹಾಕಿರುತ್ತಾರೆ, ಅದೇ ನಂಬರ್ ಬರಹದಲ್ಲೂ ಬರುತ್ತದೆ. ಇಂಗ್ಲಿಷ್ ಅರ್ಧ ಅರ್ಥವಾದರೂ ನಂಬರ್ ಹಿಡಿದು ಹೋದರೆ ಯಂತ್ರ ಅರ್ಥವಾಗುತ್ತದೆ. ಎಣ್ಣೆ ಬಾವಿಗಳಲ್ಲಿ ಹಿಂದೆ ಪೈಪ್ ತಿರುಗಿಸಲು ಸರಪಳಿಯನ್ನು ಕೈಯಿಂದ ಸುತ್ತಿ ಎಳೆಯುತ್ತಿದ್ದರು, ಎಷ್ಟೋ ಜನ ಬೆರಳು ಕಳೆದುಕೊಂಡರು. ಆ ಕೆಲಸವನ್ನು ಹೈಡ್ರಾಲಿಕ್ ಯಂತ್ರಕ್ಕೆ ಕೊಟ್ಟರು, ಅದಕ್ಕೆ ಐರನ್ ರಫ್‌ನೆಕ್ ಅಂತ ಹೆಸರು. ರಫ್‌ನೆಕ್ ಅಂದರೆ ಅಲ್ಲಿ ರಿಗ್ಗಿನ ಕೂಲಿಯಾಳು. ನಮ್ಮ ಹೆಲ್ಪರ್ ಹುಡುಗರ ಕೆಲಸಕ್ಕೇ ಅಲ್ಲಿ ಕಬ್ಬಿಣದ ಆಳು ಬಂದಿದ್ದಾನೆ. ಕೆಳಗಿನ ಪೈಪನ್ನು ಒಂದು ದವಡೆ ಗಟ್ಟಿಯಾಗಿ ಹಿಡಿಯುತ್ತದೆ, ಮೇಲಿನದನ್ನು ಉರುಳೆಗಳು ತಿರುಗಿಸುತ್ತವೆ, ಕೊನೆಯ ಬಿಗಿಯನ್ನು ಇನ್ನೊಂದು ದವಡೆ ಕೊಡುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಹಳೆಯವೂ ಇವೆ. 1909ರ ಆಗಸ್ಟ್ 10ರಂದು ಅಮೆರಿಕದಲ್ಲಿ ಹೋವರ್ಡ್ ಹ್ಯೂಸ್ ಅನ್ನುವವರಿಗೆ ಕೊರೆಯುವ ಬಿಟ್‌ಗೆ ಸಿಕ್ಕ ಪೇಟೆಂಟ್, ನಂಬರ್ 930759, ನೋಡಿ. ವಿಮಾನ, ಸಿನಿಮಾ ಅಂತ ಹೆಸರು ಮಾಡಿದ ಹೋವರ್ಡ್ ಹ್ಯೂಸ್ ಇವರ ಮಗ. ಹಲ್ಲಿರುವ ಎರಡು ಶಂಕುಗಳು ಉರುಳುತ್ತಾ ಬಂಡೆಯನ್ನು ಪುಡಿ ಮಾಡುತ್ತವೆ. ಅಲ್ಲಿಯವರೆಗೆ ಕೆರೆದು ಕೆರೆದು ಮುಂದೆ ಹೋಗದೆ ನಿಲ್ಲುತ್ತಿದ್ದ ಕಡೆ ಇದು ನುಗ್ಗಿತು. ನಮ್ಮ ಗಾಡಿಗಳಲ್ಲಿ ಇರುವುದು ಗಾಳಿಯ ಹ್ಯಾಮರ್, ಬಟನ್ ಬಿಟ್, ಇದಲ್ಲ. ಆದರೂ ಆ ಚಿತ್ರದ ಪ್ರಿಂಟ್ ತೆಗೆದು ಲೇತ್ ಹಿಂದಿನ ಗೋಡೆಗೆ ಅಂಟಿಸಿದ್ದೇನೆ.

ಈಗ ಕೇಸಿನ ಭಯದ ವಿಷಯ. ಪೇಟೆಂಟ್ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ, ನಮ್ಮಲ್ಲೂ ಅಷ್ಟೇ. ನಡುವೆ ನವೀಕರಣದ ಫೀಸು ಕಟ್ಟದಿದ್ದರೆ ಮೊದಲೇ ಬಿದ್ದುಹೋಗುತ್ತದೆ. ಆಮೇಲೆ ಆ ಪೇಟೆಂಟಿನಲ್ಲಿ ಇರುವುದನ್ನು ಯಾರು ಬೇಕಾದರೂ ಮಾಡಬಹುದು. ಇನ್ನೊಂದು, ಪೇಟೆಂಟ್ ಒಂದೊಂದು ದೇಶಕ್ಕೆ ಬೇರೆ ಬೇರೆ. ಅಮೆರಿಕದಲ್ಲಿ ಮಾತ್ರ ಪಡೆದದ್ದು ಭಾರತದಲ್ಲಿ ನಡೆಯುವುದಿಲ್ಲ. ಹುಡುಕುವಾಗ ತಾರೀಖು ಹಾಕಿ ಹಳೆಯವನ್ನು ಮಾತ್ರ ತೆಗೆಸಬಹುದು, ನಾನು ಹಾಗೇ ಮಾಡಿದೆ. ರಾಡ್ ಹಿಡಿಯುವ ತೋಳುಗಳು ಎಷ್ಟೊಂದು ಆಯುಸ್ಸು ಮುಗಿದು ಸುಮ್ನೆ ಬಿದ್ದಿವೆ ಗೊತ್ತಾ? ಅಷ್ಟು ಜನ ತಲೆ ಕೆಡಿಸಿಕೊಂಡು, ಖರ್ಚು ಮಾಡಿ, ತಪ್ಪು ಮಾಡಿ ತಿದ್ದಿಕೊಂಡದ್ದು. ನಮ್ಮಂಥ ವರ್ಕ್‌ಶಾಪ್‌ನವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ ಅಂತ ನಾನು ಮನಸಾರೆ ಹೇಳುತ್ತೇನೆ.

ಆದರೆ ಒಂದು ಎಚ್ಚರ. ಪುಟದಲ್ಲಿ ಆಯುಸ್ಸು ಮುಗಿದಿದೆ ಅಂತ ತೋರಿಸಿದರೆ ಅದನ್ನೇ ಪ್ರಮಾಣ ಅಂದುಕೊಳ್ಳಬೇಡಿ. ಇದು ಅಂದಾಜು, ಕಾನೂನಿನ ತೀರ್ಮಾನ ಅಲ್ಲ ಅಂತ ಆ ಪುಟದಲ್ಲೇ ಬರೆದಿದೆ. ನಮ್ಮ ದೇಶದ್ದಕ್ಕೆ ಪೇಟೆಂಟ್ ಕಚೇರಿಯವರ ಸೈಟಿನಲ್ಲಿ ಇನ್‌ಪಾಸ್ ಅನ್ನುವ ಹುಡುಕಾಟ ಇದೆ, ಅಲ್ಲೂ ನೋಡಬೇಕು. ಚಿತ್ರ ನೋಡಿ "ಅಯ್ಯೋ ನಂದೂ ಹೀಗೇ ಇದೆ" ಅಂತ ಗಾಬರಿಯಾಗುವುದೂ ಬೇಡ. ಹಕ್ಕು ಇರುವುದು ಚಿತ್ರಕ್ಕಲ್ಲ, ಕ್ಲೇಮ್ಸ್ ಅಂತ ಇರುತ್ತದಲ್ಲ, ಆ ಸಾಲುಗಳಿಗೆ. ಮೊದಲನೇ ಕ್ಲೇಮಿನಲ್ಲಿ ಐದು ಅಂಶ ಇದ್ದು ನಿಮ್ಮದರಲ್ಲಿ ನಾಲ್ಕೇ ಇದ್ದರೆ ಸಾಮಾನ್ಯವಾಗಿ ನೀವು ಅದರೊಳಗೆ ಬರುವುದಿಲ್ಲ. ಮಾರುವ ಮೊದಲು ಮಾತ್ರ ಪೇಟೆಂಟ್ ಏಜೆಂಟರಿಗೆ ಒಮ್ಮೆ ತೋರಿಸಿ.

ಇಷ್ಟು ರಾಡಿನ ಕಥೆ. ಇದೇ ಸೈಟು ನಮ್ಮ ಮನೆಯ ದುಡ್ಡನ್ನೂ ಉಳಿಸಿತು, ಅದನ್ನು ಹೇಳಲೇಬೇಕು.

ನನ್ನ ತಮ್ಮ ಕಬಡ್ಡಿ ಆಡುತ್ತಾನೆ, 26 ವರ್ಷ. ರೈಡ್‌ಗೆ ಹೋಗಿ ತಿರುಗುವಾಗ ಬಲಮಂಡಿ ಹೊರಳಿತು. ಎಂಆರ್‌ಐಯಲ್ಲಿ ಕಾರ್ಟಿಲೇಜ್ ಒಂದು ಕಡೆ ಕಿತ್ತು ಬಂದಿದೆ ಅಂತ ಬಂತು. ಮೂಳೆಯ ತುದಿಗೆ ನುಣ್ಣಗೆ, ಬೆಳ್ಳಗೆ ಇರುತ್ತದಲ್ಲ, ಮೃದ್ವಸ್ಥಿ, ಅದು. ಅದಕ್ಕೆ ರಕ್ತನಾಳವೇ ಇಲ್ಲ, ಹಾಗಾಗಿ ಚರ್ಮದ ಗಾಯದ ಹಾಗೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಚಿಂತೆ. ಅಷ್ಟರಲ್ಲಿ ಒಂದು ಕ್ಲಿನಿಕ್‌ನ ಪಾಂಪ್ಲೆಟ್ ಕೈಗೆ ಬಂತು. ಪೇಟೆಂಟ್ ಪಡೆದ ವಿಧಾನ, ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಒಂದು ನಂಬರು. ಅಮ್ಮ ಬಳೆ ಬಿಚ್ಚಿ ಕೊಡುವುದಕ್ಕೂ ತಯಾರಾಗಿದ್ದಳು.

ನಾನು ಆ ನಂಬರನ್ನು ಹಾಕಿ ನೋಡಿದೆ. ಅಮೆರಿಕದ ನಂಬರು, ಕೊನೆಯಲ್ಲಿ ಎ1 ಅಂತ ಇತ್ತು. ಅಲ್ಲಿಯ ನಂಬರಿನ ಬಾಲದಲ್ಲಿ ಎ1 ಅಂದರೆ ಬರೀ ಅರ್ಜಿ, ಈಗಿನವುಗಳಲ್ಲಿ ಬಿ1 ಅಥವಾ ಬಿ2 ಇದ್ದರೆ ಮಂಜೂರಾದದ್ದು. ಅರ್ಜಿ ಹಾಕಿದ 18 ತಿಂಗಳಿಗೆ ಸಾಮಾನ್ಯವಾಗಿ ಎಲ್ಲವೂ ಪ್ರಕಟವಾಗುತ್ತದೆ, ಮಂಜೂರಾಗಲಿ ಬಿಡಲಿ. ಇವರದ್ದನ್ನು ಕೈಬಿಟ್ಟಿದ್ದಾರೆ ಅಂತ ಪುಟದಲ್ಲಿ ತೋರಿಸುತ್ತಿತ್ತು. ಒಂದು ವೇಳೆ ಮಂಜೂರಾಗಿದ್ದರೂ ಅದರಿಂದ ಮಂಡಿ ವಾಸಿಯಾಗುತ್ತದೆ ಅಂತ ಆಗುವುದಿಲ್ಲ. ಪೇಟೆಂಟ್ ಕಚೇರಿಯವರು ಇದು ಹೊಸದೇ, ಸುಲಭವಾಗಿ ಯಾರಿಗಾದರೂ ಹೊಳೆಯುವಂಥದ್ದೇ ಅಂತ ನೋಡುತ್ತಾರೆಯೇ ಹೊರತು ರೋಗಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ. ಇದನ್ನು ದಯವಿಟ್ಟು ಮನೆಯಲ್ಲಿ ಹಿರಿಯರಿಗೆ ಹೇಳಿ. ಇನ್ನೊಂದು ಮಾತು, ನಮ್ಮ ಪೇಟೆಂಟ್ ಕಾಯ್ದೆಯ 3ನೇ ಕಲಮಿನ ಪ್ರಕಾರ ಮನುಷ್ಯರಿಗೆ ಮಾಡುವ ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಸಿಗುವುದೇ ಇಲ್ಲ. ಉಪಕರಣಕ್ಕೆ ಸಿಗಬಹುದು, ವಿಧಾನಕ್ಕೆ ಇಲ್ಲ.

ಹುಡುಕಲು ಕೂತವನು ಆ ಕಡೆಯ ಕೋಡನ್ನೂ ಹಿಡಿದುಕೊಂಡೆ. ಎ61ಎಫ್ 2/30756, ಕೀಲಿಗೆ ಕೂರಿಸುವ ಕೃತಕ ಕಾರ್ಟಿಲೇಜ್‌ಗಳ ಗುಂಪು. ಅಲ್ಲಿಂದ ಅಕ್ಕಪಕ್ಕದವಕ್ಕೆ ಹೋಗಬಹುದು. ಒಂದು ಚಿತ್ರ ನೋಡಿ ನಾನು ಹಾಗೇ ನಿಂತುಬಿಟ್ಟೆ. ತೆಳುವಾದ ಕೊಳವೆ, ತುದಿ ಚೂಪು. ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಜಾಗದಿಂದ ಕಾರ್ಟಿಲೇಜ್ ಸಮೇತ ಮೂಳೆಯ ಸಣ್ಣ ಗೂಟವನ್ನು ಕೊರೆದು ತೆಗೆದು, ಗಾಯದ ಜಾಗದಲ್ಲಿ ಅಷ್ಟೇ ಅಗಲದ ತೂತು ಮಾಡಿ ಕೂರಿಸುತ್ತಾರೆ. ನಮ್ಮಲ್ಲಿ ಬಂಡೆಯ ಮಾದರಿ ತೆಗೆಯುವ ಕೋರ್ ಬಿಟ್ ಇದೆಯಲ್ಲ, ಅದೇ ಕೆಲಸ, ಮಿಲಿಮೀಟರ್ ಲೆಕ್ಕದಲ್ಲಿ! ಇನ್ನೊಂದು ದಾರಿ ಮೈಕ್ರೋಫ್ರ್ಯಾಕ್ಚರ್, ಕಾರ್ಟಿಲೇಜ್ ಹೋದ ಕಡೆ ಮೂಳೆಗೆ 3–4 ಮಿಲಿಮೀಟರ್ ಅಂತರದಲ್ಲಿ ಸಣ್ಣ ತೂತು ಹಾಕುತ್ತಾರೆ, ಒಳಗಿನ ರಕ್ತ ಬಂದು ಹೆಪ್ಪುಗಟ್ಟಿ ಅಲ್ಲಿ ಹೊಸ ಪದರ ಬೆಳೆಯಲಿ ಅಂತ. ಬೆಳೆಯುವುದು ಮೂಲದಷ್ಟು ಗಟ್ಟಿ ಅಲ್ಲ. ಮೂರನೆಯದು ಜೀವಕೋಶ ಬೆಳೆಸಿ ಹಾಕುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು 23 ಜನರ ಮಂಡಿಗೆ ಹೀಗೆ ಮಾಡಿದ್ದನ್ನು 1994ರಲ್ಲಿ ಪ್ರಕಟಿಸಿದರು. ಅದರ ಮುಂದಿನ ರೂಪ ಮ್ಯಾಸಿ, ರೋಗಿಯದೇ ಕೋಶಗಳನ್ನು ಹಂದಿಯ ಕೊಲಾಜೆನ್ ಪೊರೆಯ ಮೇಲೆ ಬೆಳೆಸಿ ಅಂಟಿಸುತ್ತಾರೆ, ಅಮೆರಿಕದಲ್ಲಿ ಇದಕ್ಕೆ 2016ರಲ್ಲಿ ಅನುಮತಿ ಸಿಕ್ಕಿತು.

ಇದೆಲ್ಲ ಓದಿದ್ದರಿಂದ ನಾನು ಡಾಕ್ಟರ್ ಆಗಲಿಲ್ಲ. ಆದರೆ ಮೂಳೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿತ್ತು. ಗಾಯದ ಅಗಲ ಎಷ್ಟು, ಭಾರ ಬೀಳುವ ಜಾಗವೇ, ಗೂಟ ಕೂರಿಸುವಂಥದ್ದೇ ಅಂತ ಕೇಳಿದೆ. ಅವರು ಕಾಗದದ ಮೇಲೆ ಬರೆದು ತೋರಿಸಿದರು. ಗಾಯ ಸಣ್ಣದು, ಈಗಲೇ ಕೊರೆಯುವುದು ಬೇಡ, ಮೊದಲು ತೊಡೆಯ ಮಾಂಸ ಗಟ್ಟಿ ಮಾಡೋಣ ಅಂದರು. ನಾಲ್ಕು ತಿಂಗಳಿಂದ ತಮ್ಮ ಫಿಸಿಯೋ ಮಾಡುತ್ತಿದ್ದಾನೆ, ಮೆಟ್ಟಿಲು ಹತ್ತುವಾಗ ನೋವಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಭಾಷೆಗೆ. ಬರಹವೆಲ್ಲ ವಕೀಲರ ಇಂಗ್ಲಿಷು. ಒಂದು ವಾಕ್ಯ ಅರ್ಧ ಪುಟ ಇರುತ್ತದೆ. ಚೀನಾ, ಜಪಾನಿನ ಪೇಟೆಂಟ್‌ಗಳನ್ನು ಯಂತ್ರವೇ ಇಂಗ್ಲಿಷಿಗೆ ತಿರುಗಿಸಿರುತ್ತದೆ, ಅರ್ಥ ಹಿಡಿಯಲು ಸಾಕು, ಅದನ್ನೇ ನಂಬಿ ಕಬ್ಬಿಣ ಕತ್ತರಿಸಲು ಸಾಲದು. ಭಾರತದಲ್ಲಿ ಅರ್ಜಿ ಹಾಕಬೇಕಾದರೂ ಇಂಗ್ಲಿಷ್ ಇಲ್ಲವೇ ಹಿಂದಿ. ಕನ್ನಡದಲ್ಲಿ ಒಂದು ಪುಟದ ಸಾರ ಸಿಕ್ಕಿದ್ದರೆ ನಮ್ಮ ಕಡೆ ಎಷ್ಟು ಜನ ಲೇತ್‌ನವರು ಓದುತ್ತಿದ್ದರು, ಅಲ್ವಾ? ಚಿತ್ರಗಳಲ್ಲಿ ಸಾಮಾನ್ಯವಾಗಿ ಅಳತೆ ಇರುವುದಿಲ್ಲ, ಇದು ಸೈಟಿನ ತಪ್ಪಲ್ಲ, ಪೇಟೆಂಟ್ ಅಂದರೆ ಹಾಗೇ. ಫೋನಿನಲ್ಲಿ ಬೇಡ, ಕಂಪ್ಯೂಟರಿನಲ್ಲಿ ನೋಡಿ, ಪಿಡಿಎಫ್ ಇಳಿಸಿಕೊಂಡು ಚಿತ್ರದ ಹಾಳೆಗಳನ್ನು ಪ್ರಿಂಟ್ ತೆಗೆಯಿರಿ.

ನಮ್ಮ ತೋಳು ಈಗ ಒಂದು ಗಾಡಿಯ ಮೇಲಿದೆ. ಮೂರು ಬೋರ್ ಮುಗಿಸಿದೆ. ಮೊದಲ ಬೋರಿನಲ್ಲಿ ಕೆಸರಿಗೆ ರಾಡ್ ಜಾರಿತು, ಹಾಗಾಗಿ ದವಡೆಗೆ ಕನ್ವೇಯರ್ ಬೆಲ್ಟಿನ ರಬ್ಬರ್ ತೆಗೆದು ಹಲ್ಲಿನ ಪಟ್ಟಿ ಹಾಕಿದೆವು. ನಮ್ಮದೇ ಅನ್ನುವ ಒಂದು ಬದಲಾವಣೆ ಅದರಲ್ಲಿದೆ, ಅದಕ್ಕೆ ಚೆನ್ನೈ ಕಚೇರಿಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಆನ್‌ಲೈನಿನಲ್ಲಿ ನಮ್ಮಂಥ ಒಬ್ಬೊಬ್ಬರಿಗೆ ಅರ್ಜಿಯ ಫೀಸು 1600 ರೂಪಾಯಿ, ಪರಿಶೀಲನೆಗೆ ಬೇರೆ 4000. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು 12 ತಿಂಗಳೊಳಗೆ ಪೂರ್ತಿಯದನ್ನು ಕೊಡಬಹುದು. ಮೂರನೇ ಬೋರಿನ ದಿನ ಆ ಬೆರಳು ಜಜ್ಜಿಸಿಕೊಂಡ ಹುಡುಗನನ್ನೂ ಕರೆಸಿದ್ದೆ. ಲಿವರ್ ಅವನ ಕೈಗೆ ಕೊಟ್ಟೆ. 38 ರಾಡ್ ಇಳಿಸಿದ, ಒಂದನ್ನೂ ಮುಟ್ಟಲಿಲ್ಲ.