ತೂಕದ ಜಾಕೆಟ್ಟೋ, ಬಿಗಿ ಬನಿಯನ್ನೋ, ಅಜ್ಜಿಯ ಕೌದಿಯೋ?

ನನ್ನ ಮಗ ಶಾಲೆಯಿಂದ ಬಂದರೆ ಬೆನ್ನಿನ ಚೀಲ ತೆಗೆಯುತ್ತಿರಲಿಲ್ಲ. ಬೂಟು ಬಿಚ್ಚುತ್ತಿದ್ದ, ಕೈಕಾಲು ತೊಳೆಯುತ್ತಿದ್ದ, ಚೀಲ ಮಾತ್ರ ಬೆನ್ನ ಮೇಲೇ. ಅದನ್ನು ಹಾಕಿಕೊಂಡೇ ಚುರುಮುರಿ ತಿನ್ನುತ್ತಿದ್ದ. ತೆಗೆಯೋಣ ಅಂತ ಎಳೆದರೆ ಮನೆ ಹಾರಿಹೋಗುವಂಥ ಕಿರುಚಾಟ. ನಾನು ಇದನ್ನು ಹಟ ಅಂದುಕೊಂಡಿದ್ದೆ. ಥೆರಪಿ ಮಾಡುವ ಓಟಿ (ಆಕ್ಯುಪೇಷನಲ್ ಥೆರಪಿ) ಮೇಡಂಗೆ ಹೇಳಿದಾಗ ಅವರು ನಕ್ಕರು. "ಅವನಿಗೆ ಆ ಭಾರ ಬೇಕಾಗೇದ್ರಿ, ಕಸ್ಕೋಬ್ಯಾಡ್ರಿ" ಅಂದರು.

ಅವನಿಗೆ ಏಳು ವರ್ಷ, ಆಟಿಸಂ (ಮಾತು, ಬೆರೆಯುವುದು, ಸ್ಪರ್ಶ–ಸದ್ದಿನ ಅನುಭವ ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ) ಇದೆ, ತೂಕ 20 ಕಿಲೋ. ನಮ್ಮ ಕೈಕಾಲು ಎಲ್ಲಿವೆ, ಎಷ್ಟು ಒತ್ತಡ ಬೀಳುತ್ತಿದೆ ಅಂತ ಕೀಲು, ಸ್ನಾಯುಗಳು ಮೆದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಕೆಲವು ಮಕ್ಕಳಿಗೆ ಆ ಸುದ್ದಿ ಸಾಲುವುದಿಲ್ಲ ಅಂತ ಥೆರಪಿಯವರು ವಿವರಿಸುತ್ತಾರೆ. ಅದಕ್ಕೇ ಅವು ಜಿಗಿಯುತ್ತವೆ, ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ನಮ್ಮವನು ಕಪಾಟು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತೂರಿಕೊಂಡು ನಿಲ್ಲುತ್ತಿದ್ದ. ಆಟಿಸಂ ಗುರುತಿಸಲು ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿಯಲ್ಲಿ ಸ್ಪರ್ಶ, ಸದ್ದು, ಬೆಳಕಿನ ಇಂಥ ಹೆಚ್ಚು–ಕಡಿಮೆಗಳನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದೇ 2013ರಲ್ಲಿ.

ಸರಿ, ಭಾರ ಬೇಕು. ಯಾವ ಭಾರ? ಧಾರವಾಡದ ಮನೆಯಲ್ಲಿ ಕೂತು ಒಂದೊಂದನ್ನೂ ಎರಡೆರಡು ವಾರ ಬಳಸಿ ನೋಡಿದೆ. ಸಂಜೆ ಬರೆಯಲು ಕೂತಾಗ ಎಷ್ಟು ನಿಮಿಷ ಕೂತ, ತಾನಾಗಿ ಎಷ್ಟು ಸಲ ಕಿತ್ತು ಹಾಕಿದ, ಇವೆರಡನ್ನೂ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟೆ.

ಮೊದಲು ಬಂದದ್ದು ಆನ್‌ಲೈನ್‌ನಲ್ಲಿ ತರಿಸಿದ ತೂಕದ ಜಾಕೆಟ್. 2,800 ರೂಪಾಯಿ. ತೋಳಿಲ್ಲದ ಕೋಟಿನ ಹಾಗೆ, ಒಳಗೆ ಜೇಬುಗಳು, ಜೇಬಿಗೆ ಹಾಕಲು ಮರಳಿನಂಥದ್ದು ತುಂಬಿದ ಪೊಟ್ಟಣಗಳು. ಮಗುವಿನ ತೂಕದ ನೂರಕ್ಕೆ 5ರಿಂದ 10 ಭಾಗ ಇರಲಿ ಅನ್ನುವುದು ವಾಡಿಕೆಯ ಲೆಕ್ಕ. ನಾವು ಒಂದು ಕಿಲೋ ಹಾಕಿದೆವು. 2020ರ ಶಾಲಾ ಚೀಲದ ನೀತಿಯಲ್ಲೂ ಚೀಲದ ಭಾರ ನೂರಕ್ಕೆ 10 ದಾಟಬಾರದು ಅಂತಲೇ ಇದೆ. ನಮ್ಮವನ ಚೀಲ ತೂಗಿ ನೋಡಿದರೆ ಮೂರೂವರೆ ಕಿಲೋ! ಬಿಡಿ, ಅದು ಬೇರೆ ಜಗಳ.

ಮೊದಲ ಮೂರು ದಿನ ಚಮತ್ಕಾರ. ಆರು ನಿಮಿಷ ಕೂರುವವನು ಹದಿನಾಲ್ಕು ನಿಮಿಷ ಕೂತ. ಅವರಪ್ಪನಿಗೆ ಫೋನ್ ಮಾಡಿ ಕುಣಿದಾಡಿದೆ. ಐದನೇ ದಿನಕ್ಕೆ ಮತ್ತೆ ಏಳು ನಿಮಿಷ. ಆಮೇಲೆ ಯೋಚಿಸಿದರೆ, ಆ ಮೂರು ದಿನ ನಾನು ಪಕ್ಕದಲ್ಲೇ ಕೂತಿದ್ದೆ, ಫೋನ್ ಮುಟ್ಟಿರಲಿಲ್ಲ. ಕೂರಿಸಿದ್ದು ಜಾಕೆಟ್ಟೋ ನಾನೋ? ಇಂಥ ಜಾಕೆಟ್‌ಗಳ ಮೇಲೆ ನಡೆದ ಅಧ್ಯಯನಗಳೂ ಬೆರಳೆಣಿಕೆಯ ಮಕ್ಕಳನ್ನಿಟ್ಟುಕೊಂಡು ಮಾಡಿದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2009ರ ಒಂದು ವಿಮರ್ಶೆ, ಇದನ್ನು ಶಿಫಾರಸು ಮಾಡುವಷ್ಟು ಆಧಾರ ಸಿಕ್ಕಿಲ್ಲ ಅಂತಲೇ ಹೇಳಿತು. ದುಡ್ಡು ಕೊಡುವ ಮೊದಲೇ ಓದಬೇಕಿತ್ತು, ಅಲ್ವಾ?

ಆದರೆ ಜಾಕೆಟ್ ಸೋತದ್ದು ಬೇರೆ ಕಾರಣಕ್ಕೆ. ಅದಕ್ಕೆ ಗುಂಡಿ ಇಲ್ಲ, ವೆಲ್ಕ್ರೋ ಪಟ್ಟಿ. ಬಿಚ್ಚುವಾಗ ಚರ್ರ್ ಅಂತ ಸದ್ದು. ಆ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಕಪಾಟಿನ ಸಂದಿಗೆ ಓಡುತ್ತಿದ್ದ. ಸಮಾಧಾನಕ್ಕೆ ತೊಡಿಸಿದ ಬಟ್ಟೆಯನ್ನು ಬಿಚ್ಚುವುದಕ್ಕೆ ಮತ್ತೊಂದು ಸಮಾಧಾನ ಬೇಕು! ಭಾರವೆಲ್ಲ ಹೆಗಲ ಮೇಲೆ ಜೋತುಬೀಳುತ್ತದೆ ಬೇರೆ. ಪೆನ್ಸಿಲ್ ಎತ್ತಲು ಬಗ್ಗಿದರೆ ಇಡೀ ಜಾಕೆಟ್ ಮುಂದಕ್ಕೆ ಸರಿದು ಗಂಟಲ ಹತ್ತಿರ ಬರುತ್ತಿತ್ತು.

ಎರಡನೆಯದು ನಮ್ಮೂರ ಟೇಲರ್ ಹತ್ತಿರ ಹೊಲಿಸಿದ್ದು. ಹಳೇ ಜೀನ್ಸ್ ಬಟ್ಟೆ, ಮುಂದೆ ಗುಂಡಿ, ಒಳಗೆ ಹುಣಸೆ ಬೀಜ. ಮೊದಲು ಅಕ್ಕಿ ತುಂಬೋಣ ಅಂದುಕೊಂಡಿದ್ದೆ. ನಮ್ಮತ್ತೆ "ನುಸಿ ಹಿಡಿತಾವ" ಅಂದರು. ಅದೂ ನಿಜ. ಟೇಲರ್ ಬೀಜದ ಚೀಲ ನೋಡಿ, "ಏನ್ರೀ ಅಕ್ಕಾರ, ಹುಡುಗಗ ಅಂಗಿ ಹೊಲಿಯೂದೋ, ಗೋಣಿಚೀಲ ಹೊಲಿಯೂದೋ?" ಅಂದ. 250 ರೂಪಾಯಿ ತೆಗೆದುಕೊಂಡು ಚೆಂದ ಹೊಲಿದುಕೊಟ್ಟ. ತಪ್ಪು ನಂದೇ. ಸಣ್ಣ ಸಣ್ಣ ಚೌಕ ಹೊಲಿದು ಒಂದೊಂದರಲ್ಲಿ ಒಂದು ಹಿಡಿ ಬೀಜ ತುಂಬಬೇಕು ಅಂತ ನನಗೆ ಹೊಳೆಯಲಿಲ್ಲ. ಎರಡು ದೊಡ್ಡ ಜೇಬು ಇಡಿಸಿದ್ದೆ. ಬೀಜವೆಲ್ಲ ಜೇಬಿನ ತಳಕ್ಕೆ ಕೂತು, ನಡೆದರೆ ಎರಡು ಕಡೆ ಜೋಳಿಗೆ ತೂಗಿದ ಹಾಗೆ ತೂಗುತ್ತಿತ್ತು. ಒಗೆಯಬೇಕಾದರೆ ಹೊಲಿಗೆ ಬಿಚ್ಚಬೇಕು. ನಾಲ್ಕೇ ದಿನ.

ಐದನೇ ದಿನ ಸಿಟ್ಟಿಗೆ ಆ ಜೇಬುಗಳನ್ನು ಕತ್ತರಿಸಿ, ಬೀಜವನ್ನು ಒಂದು ದಿಂಬಿನ ಚೀಲಕ್ಕೆ ತುಂಬಿ, ಅಡ್ಡ–ಉದ್ದ ಹೊಲಿಗೆ ಹಾಕಿದೆ. ಒಂದು ಕಿಲೋದ ತೊಡೆಚೀಲ. ಇದು ಬಟ್ಟೆ ಅಲ್ಲ, ಗೊತ್ತು. ಆದರೆ ತೊಡೆ ಮೇಲೆ ಬೆಕ್ಕು ಮಲಗಿದ ಹಾಗೆ ಇರುತ್ತದೆ. ಬೇಕಾದಾಗ ಎಳೆದುಕೊಳ್ಳುತ್ತಾನೆ, ಬೇಡವಾದಾಗ ದಬ್ಬುತ್ತಾನೆ. ಬೀಜದ ಜರಜರ ಸದ್ದು ಅವನಿಗೆ ಇಷ್ಟ, ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಾನೆ. ಬರೆಯಲು ಕೂರುವುದು ಎರಡು ವಾರದ ಕೊನೆಗೂ ಹತ್ತು, ಹನ್ನೊಂದು ನಿಮಿಷದಲ್ಲೇ ನಿಂತಿತ್ತು, ಇಳಿಯಲಿಲ್ಲ. ಕಟಿಂಗ್ ಶಾಪಿಗೂ ಒಯ್ದೆ. ಮುಂಚೆ ಅವನ ಕೂದಲು ಕತ್ತರಿಸಬೇಕಾದರೆ ಇಬ್ಬರು ಹಿಡಿಯಬೇಕಿತ್ತು. ಈ ಸಲ ಬಿಳಿ ಬಟ್ಟೆಯ ಕೆಳಗೆ ತೊಡೆಚೀಲ ಹಿಡಿದುಕೊಂಡು ಕೂತ. ಮಷೀನು ಕಿವಿಯ ಹತ್ತಿರ ಬಂದಾಗ ಅತ್ತ, ಎದ್ದು ಓಡಲಿಲ್ಲ.

ಮೂರನೆಯದು ಬಿಗಿ ಬನಿಯನ್. ಕ್ರಿಕೆಟ್ ಆಡುವ ಹುಡುಗರು ಒಳಗೆ ಹಾಕುತ್ತಾರಲ್ಲ, ಮೈಗೆ ಅಂಟುವ ಆ ಕಂಪ್ರೆಷನ್ ಟೀ–ಶರ್ಟ್. ಹುಬ್ಬಳ್ಳಿಯ ಆಟದ ಸಾಮಾನಿನ ಅಂಗಡಿಯಲ್ಲಿ 450 ರೂಪಾಯಿ. ಇದರಲ್ಲಿ ಭಾರವೇ ಇಲ್ಲ, ಬರೀ ಹಿಡಿತ. ನಮ್ಮ ಲೆಕ್ಕ ಅಡಿಮೇಲಾಗಿದ್ದು ಇಲ್ಲೇ. ಅವನು ಚೀಲ ಬಿಡದೆ ಇದ್ದದ್ದು ಭಾರಕ್ಕಲ್ಲ, ಎದೆಗೆ ಬಿಗಿಯುವ ಆ ಪಟ್ಟಿಗಳಿಗೆ ಅಂತ ಈಗ ನನಗನ್ನಿಸುತ್ತದೆ. ಸಂದಿಯಲ್ಲಿ ತೂರಿಕೊಳ್ಳುವುದೂ ಭಾರಕ್ಕಲ್ಲವಲ್ಲ.

ತಲೆಯಿಂದ ಇಳಿಸುವುದು ಮಾತ್ರ ಯುದ್ಧ. ಮೂರು ದಿನ ಅತ್ತ. ಹೊಲಿಗೆ ಚುಚ್ಚುತ್ತದೆ ಅಂತ ಆಮೇಲೆ ತಿಳಿಯಿತು. ಲೇಬಲ್ ಕತ್ತರಿಸಿ, ಒಳಹೊರಗು ಮಾಡಿ ತೊಡಿಸಿದೆ. ನಾಲ್ಕನೇ ದಿನ ತಾನೇ ಎದೆ ತಟ್ಟಿಕೊಂಡು "ಬಿಗಿ" ಅಂದ. ಆ ಪದ ಅವನ ಬಾಯಲ್ಲಿ ಅದೇ ಮೊದಲು. ಯೂನಿಫಾರ್ಮ್ ಒಳಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಜಾಕೆಟ್ ಹಾಕಿಕೊಂಡು ಹೋದ ದಿನ ಮಕ್ಕಳು "ಪೊಲೀಸ್ ಬಂದ" ಅಂತ ಮುತ್ತಿಕೊಂಡಿದ್ದರು. ತೊಂದರೆ ಬೇಸಿಗೆಯಲ್ಲಿ. ಏಪ್ರಿಲ್ ಎರಡನೇ ವಾರಕ್ಕೆ ಬೆನ್ನ ತುಂಬ ಬೆವರುಸಾಲೆ. ಅವನಿಗೆ ಸೆಕೆ ಆಗುತ್ತಿದೆ ಅಂತ ಹೇಳಲು ಬರುವುದಿಲ್ಲ, ನಾವೇ ಕುತ್ತಿಗೆ ಮುಟ್ಟಿ ನೋಡಬೇಕು. ಈಗ ಮಧ್ಯಾಹ್ನ ತೊಡಿಸುವುದಿಲ್ಲ. ಬೆಳಿಗ್ಗೆ ಒಂದು ತಾಸು, ಸಂಜೆ ಅರ್ಧ ತಾಸು ಅಷ್ಟೇ. ತೆಗೆದ ಮೇಲೆ ಚರ್ಮದಲ್ಲಿ ಗೆರೆ ಉಳಿದರೆ ಒಂದು ಸೈಜು ದೊಡ್ಡದು ತರಬೇಕು ಅಂತ ಅರ್ಥ.

ಇನ್ನು ರಾತ್ರಿ. ತೂಕದ ಹೊದಿಕೆ ಅಂತ ಗಾಜಿನ ಮಣಿ ತುಂಬಿದ್ದು ಸಿಗುತ್ತದೆ, ನಾನು ನೋಡಿದ್ದು ನಾಲ್ಕು ಸಾವಿರದ ಮೇಲಿತ್ತು. ಕೊಳ್ಳಲಿಲ್ಲ. ನಮ್ಮವ್ವ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಇತ್ತು. ತೂಗಿದರೆ ಎರಡು ಕಿಲೋ ಚಿಲ್ಲರೆ. ಗಾಳಿಯಾಡುತ್ತದೆ, ಒಗೆಯಬಹುದು, ಅವ್ವನ ವಾಸನೆ ಬೇರೆ. ಸೊಂಟದ ಕೆಳಗೆ ಮಾತ್ರ ಹೊದಿಸುತ್ತೇನೆ. ನಿದ್ದೆ ಬೇಗ ಬಂತಾ? ಇಲ್ಲ. ಮೊದಲಿನ ಹಾಗೇ ಹತ್ತೂವರೆ. ಹಾಸಿಗೆಗೆ ಬರುವ ಜಗಳ ಮಾತ್ರ ನಿಂತಿತು. ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೀಗೇ ಆಗಿತ್ತು. ತೂಕದ ಹೊದಿಕೆಯಿಂದ ನಿದ್ದೆಯ ಹೊತ್ತು ಹೆಚ್ಚಲಿಲ್ಲ, ಆದರೆ ಮಕ್ಕಳೂ ಅಪ್ಪ–ಅಮ್ಮಂದಿರೂ ಮಾಮೂಲಿ ಹೊದಿಕೆಗಿಂತ ಅದನ್ನೇ ಇಷ್ಟಪಟ್ಟರು.

ಹೊದಿಕೆಯ ವಿಷಯದಲ್ಲಿ ನಾನು ಹೆದರುವುದು ಜಾಸ್ತಿ. 2008ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಶಾಲೆಯೊಂದರಲ್ಲಿ ಇಂಥ ಹೊದಿಕೆ ಸುತ್ತಿದ್ದ ಒಂಬತ್ತು ವರ್ಷದ ಹುಡುಗ ತೀರಿಕೊಂಡ. ಅವನಿಗೂ ಆಟಿಸಂ ಇತ್ತು. ಮುಖ ಮುಚ್ಚಬಾರದು, ಸುತ್ತಬಾರದು, ಮಗು ತಾನಾಗಿ ಒದ್ದು ಹೊರಬರುವಂತಿರಬೇಕು. ನಿದ್ದೆ ಹತ್ತಿದ ಮೇಲೆ ನಾನು ಕೌದಿ ತೆಗೆದುಬಿಡುತ್ತೇನೆ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ಮಾಡಬೇಡಿ. ಪುಟ್ಟ ಕೂಸುಗಳಿಗಂತೂ ಬೇಡವೇ ಬೇಡ.

ಟೆಂಪಲ್ ಗ್ರ್ಯಾಂಡಿನ್ ಹೆಸರು ಕೇಳಿರಬಹುದು. ಆಟಿಸಂ ಇರುವ ಈಕೆ ಅಮೆರಿಕದ ಅರಿಜೋನಾದಲ್ಲಿ ಮಲತಂದೆಯ ಸೋದರಿಯ ದನದ ಫಾರ್ಮ್‌ನಲ್ಲಿ ಒಂದು ಸಂಗತಿ ಗಮನಿಸಿದರು. ಚುಚ್ಚುಮದ್ದು ಹಾಕಲು ದನಗಳನ್ನು ಎರಡೂ ಕಡೆಯಿಂದ ಒತ್ತಿಹಿಡಿಯುವ ಕಟಕಟೆಯಲ್ಲಿ ಕೆಲವು ದನ ಶಾಂತವಾಗುತ್ತಿದ್ದವು. ಹದಿನೆಂಟರ ವಯಸ್ಸಿನಲ್ಲಿ ತಮಗೂ ಅಂಥದ್ದೊಂದು ಯಂತ್ರ ಮಾಡಿಕೊಂಡರು. ಅದರ ಹಿಡಿಕೆ ಇದ್ದದ್ದು ಅವರ ಕೈಯಲ್ಲೇ. ಎಷ್ಟು ಬಿಗಿ, ಎಷ್ಟು ಹೊತ್ತು, ಯಾವಾಗ ಸಾಕು, ಎಲ್ಲ ಅವರೇ. ನನ್ನ ನೋಟ್‌ಬುಕ್ ತಿರುವಿದರೆ ಇದೇ ಕಾಣುತ್ತದೆ. ಜಾಕೆಟ್ ತೊಡಿಸುವವಳೂ ಬಿಚ್ಚುವವಳೂ ನಾನು. ತೊಡೆಚೀಲ, ಕೌದಿ ಎರಡೂ ಅವನ ಕೈಯಲ್ಲಿವೆ. ಬನಿಯನ್ ಅರ್ಧ ಅವನದು, ಅರ್ಧ ನನ್ನದು. ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ, ಬೇಕಾದಾಗ ತಂದು ನನ್ನ ಮುಖದ ಮೇಲೆ ಎಸೆಯುತ್ತಾನೆ. ಹಗಲಿಗೆ ಬನಿಯನ್, ಬರೆಯಲು ತೊಡೆಚೀಲ, ರಾತ್ರಿಗೆ ಕೌದಿ, ಈಗ ನಮ್ಮ ಮನೆಯಲ್ಲಿ ಹೀಗೆ.

ಜಾಕೆಟ್ ಏನಾಯಿತು ಅಂತ ಕೇಳುತ್ತೀರಾ? ಸುಮ್ನೆ ಬಿದ್ದಿತ್ತು, ಥೆರಪಿಗೆ ಬರುವ ಇನ್ನೊಬ್ಬ ತಾಯಿಗೆ ಕೊಟ್ಟೆ. ಅವರ ಮಗಳಿಗೆ ಮೈಗೆ ಬಿಗಿಯಾದದ್ದು ಯಾವುದೂ ಆಗುವುದಿಲ್ಲ. ಜಾಕೆಟ್ ಮಾತ್ರ ದಿನಾ ಬೇಕಂತೆ. ಹಾಕಿಕೊಂಡು ಮೊದಲು ಮಾಡುವ ಕೆಲಸ, ವೆಲ್ಕ್ರೋ ಚರ್ರ್ ಅಂತ ಕೀಳುವುದು, ಅಂಟಿಸುವುದು, ಮತ್ತೆ ಕೀಳುವುದು. ಆ ಸದ್ದು ಅವಳಿಗೆ ಬಹಳ ಇಷ್ಟವಂತೆ.